ಗೊಂಬೆಗೆ ಎತ್ತಿದ ಕೈ

ಎಲ್ಲರೂ ಆ ವಿಡಿಯೋವನ್ನು ನಡುವಿನಿಂದ ನೋಡುತ್ತಾರೆ. ಇದು ಅವನ ಗಮನಕ್ಕೆ ಬಂದದ್ದು, ಮನೆಗೆ ಬಂದ ಹೆಂಡತಿಯ ತಮ್ಮ ಕೂರುವುದಕ್ಕೂ ಮೊದಲೇ ಫೋನು ಮುಂದೆ ಹಿಡಿದು, "ಭಾವ, ಮೊದಲು ಏನೂ ಇಲ್ಲ, ಬರೀ ಬೋರು. ಇಲ್ಲಿಂದ ನೋಡಿ, ಇಲ್ಲಿಂದ" ಎಂದು ಹೆಬ್ಬೆರಳಿನಲ್ಲಿ ಕೆಂಪು ಗೆರೆಯನ್ನು ಸರಕ್ಕನೆ ಮುಂದಕ್ಕೆ ಎಳೆದಾಗ. ಇಲ್ಲಿಂದ ಎಂದರೆ, ಈಜುಕೊಳದ ಪಕ್ಕದ ಎತ್ತರದ ಕುರ್ಚಿಯಲ್ಲಿ ಕೂತ ಲೈಫ್‌ಗಾರ್ಡ್ ಬಲಗೈ ಎತ್ತುವಲ್ಲಿಂದ. ಆ ಲೈಫ್‌ಗಾರ್ಡ್ ಈ ಭಾವನೇ. ಕೈ ಎತ್ತುತ್ತಾನೆ, ಧುಮುಕುತ್ತಾನೆ, ಹಳದಿ ಟೋಪಿಯ ಹುಡುಗಿಯೊಬ್ಬಳನ್ನು ಎದೆಗವಚಿಕೊಂಡು ಮೇಲೆ ಬರುತ್ತಾನೆ, ಹುಡುಗಿ ಕೆಮ್ಮಿ ನೀರು ಕಾರಿ ಅಳುತ್ತಾಳೆ, ಸುತ್ತ ಚಪ್ಪಾಳೆ. ಅದಕ್ಕಿಂತ ಮೊದಲಿನದು ಯಾರಿಗೂ ಬೇಡ. ಮೊದಲಿನದರಲ್ಲಿ ಯಾರೋ ಒಬ್ಬ ಅಪ್ಪ ತನ್ನ ಮಗ ಕಾಲು ಬಡಿಯುವುದನ್ನು ಹಿಡಿಯುತ್ತಿದ್ದಾನೆ, ಅಷ್ಟೇ. ಮಗ ಮುಂದೆ, ದೊಡ್ಡದಾಗಿ. ಹಿಂದೆ, ಮೇಲಿನ ಮೂಲೆಯಲ್ಲಿ, ಉಗುರಿನಷ್ಟು ಚಿಕ್ಕದಾಗಿ ಒಂದು ಹಳದಿ ಚುಕ್ಕೆ. ಚುಕ್ಕೆ ಇದೆ. ಇಲ್ಲ. ಮತ್ತೆ ಇದೆ. ಆಮೇಲೆ ಇಲ್ಲ, ಇಲ್ಲ, ಇಲ್ಲ. ಅದರ ನೇರಕ್ಕೆ ಕುರ್ಚಿಯಲ್ಲಿ ಅವನು, ಮುಖವನ್ನು ಅಲ್ಲಿಗೇ ತಿರುಗಿಸಿಕೊಂಡು, ಬಾಯಿ ಒಂಚೂರು ತೆರೆದುಕೊಂಡು, ಅಲುಗದೆ ಕೂತಿದ್ದಾನೆ. ಇದು ಯಾರ ಕಣ್ಣಿಗೂ ಬೀಳಲಿಲ್ಲ. ಹದ್ದಿನ ಕಣ್ಣು ಅಂದ್ರೆ ಇದಪ್ಪಾ, ಎಂದು ಬರೆದರು. ಇಂಥವರು ಇರೋದ್ರಿಂದಲೇ ಮಳೆ ಬೆಳೆ, ಎಂದು ಬರೆದರು. ನಗುನಗ್ತಾ ಹಾರಿದ್ದಾರೆ ನೋಡಿ, ಸಾವಿನ ಮುಂದೆ ನಗೋ ಗಂಡಸು, ಎಂದು ಒಬ್ಬಳು ಕೆಂಪು ಹೃದಯಗಳನ್ನು ಸಾಲಾಗಿ ಹಚ್ಚಿದ್ದಳು. ಊರೆಲ್ಲ ಸೇರಿ ಅವನನ್ನು ಹೊಗಳಿ ಅಟ್ಟಕ್ಕೇರಿಸಿತು, ಅವನಿಗೋ ಅಲ್ಲಿಂದ ಕೆಳಗೆ ನೋಡಿದರೆ ಕೈಕಾಲು ತಣ್ಣಗಾಗುತ್ತಿತ್ತು.

ಮ್ಯಾನೇಜರು ಮೆಚ್ಚಿ ಕೊಟ್ಟ ರಜೆ ಮುಗಿದು, ಇವತ್ತು ಮಧ್ಯಾಹ್ನದ ಮಕ್ಕಳ ತಂಡಕ್ಕೆ ಮತ್ತೆ ಅವನೇ ಕುರ್ಚಿ ಹತ್ತಬೇಕು. ಸಿಬ್ಬಂದಿ ಕೋಣೆಯ ಬೆಂಚಿನ ಮೇಲೆ ಕೂತು, ಕ್ಲೋರಿನ್ ವಾಸನೆಯ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಮತ್ತೊಂದು ಸಲ ಮೊದಲಿನಿಂದ ನೋಡಿದ. ನೋಡಬಾರದು ಅಂದುಕೊಂಡೇ ನೋಡಿದ. ಹಳದಿ ಚುಕ್ಕೆ ಮರೆಯಾದ ಮೇಲೆ ಎಷ್ಟು ಹೊತ್ತು ಎಂದು ತಿಳಿಯಬೇಕಿತ್ತು, ಆದರೆ ಅಷ್ಟು ಹೊತ್ತು ನೋಡುತ್ತಾ ಕೂರುವುದಕ್ಕೇ ಅವನಿಂದ ಆಗಲಿಲ್ಲ, ಹೆಬ್ಬೆರಳು ತಾನಾಗಿಯೇ ಕೆಳಗೆ ಜಾರಿ ಹೊಸದಾಗಿ ಯಾರು ಏನು ಬರೆದಿದ್ದಾರೆ ಎಂದು ಹುಡುಕತೊಡಗಿತು. ಥೂ ಎಂದು ಫೋನನ್ನು ಲಾಕರಿನೊಳಗೆ ಎಸೆದು ಬೀಗ ಹಾಕಿದ. ಫೋನು ಯಾವತ್ತೂ ಲಾಕರಿನಲ್ಲೇ ಇರುತ್ತದೆ. ಕೆಲಸಕ್ಕೆ ಸೇರಿದಂದಿನಿಂದ ಒಂದೇ ಒಂದು ಸಲವೂ ಅದನ್ನು ಕುರ್ಚಿಗೆ ಒಯ್ದವನಲ್ಲ, ಈ ವಿಷಯದಲ್ಲಿ ಯಾರೂ ಅವನತ್ತ ಬೆರಳು ತೋರಿಸುವ ಹಾಗಿಲ್ಲ. ಹೆದರಿಕೆ ಇರುವುದೇ ಅಲ್ಲಿ. ಅವತ್ತು ಕೈಯಲ್ಲಿ ಫೋನಿದ್ದಿದ್ದರೆ ಬಯ್ಯುವುದಕ್ಕೆ ಒಂದು ವಸ್ತುವಾದರೂ ಸಿಗುತ್ತಿತ್ತು, ನೀರಿಗೆ ಬಿಸಾಕಿ ಕೈ ತೊಳೆದುಕೊಳ್ಳಬಹುದಿತ್ತು. ಕೈ ಖಾಲಿಯಿತ್ತು. ಕಣ್ಣು ನೀರಿನ ಮೇಲೇ ಇತ್ತು. ಹಾಗಾದರೆ ಅವನು ಎಲ್ಲಿದ್ದ?

ಬೆಳಿಗ್ಗೆಯೂ ಹೀಗೇ ಆಯಿತು. ತಿಂಡಿ ತಿನ್ನುವಾಗ ಹೆಂಡತಿ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತು ಏನೋ ಹೇಳಿದಳು. ಜೋರಾಗಿ ಹೇಳುವ ಮಾತಲ್ಲ, ತಗ್ಗಿದ ದನಿ, ನಡುವೆ ಒಮ್ಮೆ ನಿಲ್ಲಿಸಿ ಉಗುಳು ನುಂಗಿದಳು, ಅಷ್ಟು ನೆನಪಿದೆ. ಅವನು "ಹೂಂ, ಆಯ್ತು ಬಿಡು" ಅಂದ. ಅವಳು, "ಆಯ್ತು ಬಿಡು ಅಂದ್ರೆ? ನಾನೇನು ಹೇಳ್ದೆ ಹೇಳಿ ನೋಡೋಣ" ಎಂದಳು. ತಲೆ ಎತ್ತಿದ. "ಅದೇ, ನಿಮ್ಮಮ್ಮ ಬರೋದು ತಾನೇ?" ಎಂದು ಬಾಯಿಗೆ ಬಂದದ್ದು ಅಂದ. ಹೆಂಡತಿ ನಕ್ಕಳು. ಅವಳ ನಗು ಅವನಿಗೆ ಗೊತ್ತು, ಇದು ಅದಲ್ಲ. "ಹೂಂ, ಅದೇ. ಹೋಗಿ ಬನ್ನಿ, ಹೊತ್ತಾಯ್ತು" ಎಂದು ಒಳಗೆ ಹೋದಳು. ದಾರಿಯುದ್ದಕ್ಕೂ ಆ ಮಾತನ್ನು ಹುಡುಕಿದ. ಅವಳ ಕೈ ಸಿಕ್ಕಿತು, ಚೌಕಟ್ಟು ಸಿಕ್ಕಿತು, ಉಗುಳು ನುಂಗಿದ ಗಂಟಲು ಸಿಕ್ಕಿತು, ಮಾತು ಮಾತ್ರ ಇಲ್ಲ. ಮಾತಿನ ಜಾಗದಲ್ಲಿ, ಸಾವಿನ ಮುಂದೆ ನಗೋ ಗಂಡಸು ಎಂಬುದು ಅಕ್ಷರಕ್ಷರ ಬಂದು ಕೂತಿತ್ತು, ಹೃದಯಗಳ ಸಮೇತ. ತಾನು ಮುಖ ಕಂಡಿರದ ಯಾವಳೋ ಬರೆದದ್ದು ಬಾಯಿಪಾಠ, ಇಷ್ಟು ವರ್ಷ ಒಂದೇ ಸೂರಿನಡಿ ಬದುಕಿದವಳು ಹೇಳಿದ್ದು ಗಾಳಿಗೆ ಹೋಯಿತು. ಅಯ್ಯೋ, ಏನಾದರೂ ಕಾಯಿಲೆ ವಿಷಯವೇ? ಮೊನ್ನೆ ಎದೆ ಮುಟ್ಟಿಕೊಂಡು ಏನೋ ಅನ್ನುತ್ತಿದ್ದಳಲ್ಲ? ಅಂದಿದ್ದಳೋ, ಇಲ್ಲ ಅದು ಯಾವುದೋ ವಿಡಿಯೋದಲ್ಲಿ ನೋಡಿದ ಹೆಂಗಸೋ? ಸಂಜೆ ಕೇಳಬೇಕು. ಹೇಗೆ ಕೇಳುವುದು? ಬೆಳಿಗ್ಗೆ ಕೇಳಿಸಿಕೊಂಡಿರಲಿಲ್ಲ ಎಂದು ಒಪ್ಪಿಕೊಂಡರೆ, ನಿನ್ನೆ, ಮೊನ್ನೆ, ಹೋದ ವರ್ಷ ಎಂದು ಅವಳು ಎಳೆಯುತ್ತಾ ಹೋದರೆ, ಎಲ್ಲಿಗೆ ಹೋಗಿ ನಿಲ್ಲುತ್ತದೆ?

"ಬನ್ನಿ ಬನ್ನಿ, ಸ್ಟಾರ್ ಬಂದ್ರು! ದಾರಿ ಬಿಡ್ರಪ್ಪಾ!" ಎನ್ನುತ್ತಾ ಈಜು ಕಲಿಸುವ ಟೀಚರು ಒಳಗೆ ಬಂದರು. ಅವನಿಗಿಂತ ಚಿಕ್ಕವರು, ಬಾಯಿ ಜೋರು, ಸೀಟಿ ಇಲ್ಲದೆಯೇ ಕೊಳದ ಆ ಕೊನೆಗೆ ಕೇಳಿಸುವ ಗಂಟಲು. ಅವನನ್ನು 'ಹದ್ದು' ಎಂದು ಕರೆಯತೊಡಗಿದ್ದು ಇವರೇ. ಆ ಹೆಸರು ಆಗ ಸುಳ್ಳಾಗಿರಲಿಲ್ಲ. ಆಗ ಅವನು ನೀರನ್ನು ನೋಡುತ್ತಿದ್ದರೆ ನೀರು ತಾನಾಗಿ ಬಾಯಿಬಿಡುತ್ತಿತ್ತು. ಯಾವ ಮಗು ದಣಿದಿದೆ, ಯಾವುದು ದಣಿದಿಲ್ಲ ಎಂದು ಹಟ ಮಾಡುತ್ತಿದೆ, ಯಾವ ದೊಡ್ಡ ಮನುಷ್ಯ ಹೆದರಿಕೆ ಮುಚ್ಚಿಕೊಳ್ಳಲು ಜೋರಾಗಿ ನಗುತ್ತಿದ್ದಾನೆ, ಎಲ್ಲ ತಿಳಿಯುತ್ತಿತ್ತು. ಮುಳುಗುವವರು ಸಿನಿಮಾದಲ್ಲಿಯ ಹಾಗೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸದ್ದೇ ಇಲ್ಲದೆ ಮೆಟ್ಟಿಲು ಹತ್ತುವವರ ಹಾಗೆ ನಿಂತಲ್ಲೇ ಒಂದೆರಡು ಸಲ ತುಳಿದು ಹೋಗಿಬಿಡುತ್ತಾರೆ, ಅದನ್ನು ಹಿಡಿಯುವುದಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವನು ಅವನೇ. ಟೀಚರು ಟೀ ಲೋಟ ಕೈಗಿತ್ತು, "ನೀರಿಗೂ ಒಂದು ಆಟೋಗ್ರಾಫ್ ಹಾಕ್ಕೊಡಿ, ಫ್ರೇಮ್ ಹಾಕ್ಸೋಣ" ಎಂದು ಇನ್ನೂ ಏನೇನೋ ತಮಾಷೆ ಮಾಡಿದರು. ಆಮೇಲೆ ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ಅಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ಕೈ ಎತ್ತಿದ್ರಲ್ಲ, ಯಾಕೆ?"

ವಿಡಿಯೋ ನೋಡಿದ ಅಷ್ಟು ಜನರಲ್ಲಿ ಇದನ್ನು ಕೇಳಬಲ್ಲವರು ಈ ಕಟ್ಟಡದೊಳಗೆ ಕೆಲಸ ಮಾಡುವವರು ಮಾತ್ರ. ಮ್ಯಾನೇಜರು ಆಗಾಗ ಯಾರಿಗೂ ಸುಳಿವು ಕೊಡದೆ ಒಂದು ರಬ್ಬರ್ ಗೊಂಬೆಯನ್ನು ನೀರಿಗೆ ಬಿಡುತ್ತಾರೆ. ಮಗುವಿನಷ್ಟು ದೊಡ್ಡದು, ಹೊಟ್ಟೆಯೊಳಗೆ ಮರಳು ತುಂಬಿದ್ದು. ಕುರ್ಚಿಯಲ್ಲಿ ಕೂತವನು ನಿದ್ದೆ ಹೊಡೆಯುತ್ತಿಲ್ಲ ತಾನೇ ಎಂದು ನೋಡುವುದಕ್ಕೆ. ಗೊಂಬೆ ಕಂಡ ಕೂಡಲೇ ಬಲಗೈ ಎತ್ತಬೇಕು, ಆಫೀಸಿನ ಗಾಜಿನ ಹಿಂದೆ ನಿಂತ ಮ್ಯಾನೇಜರು ಸರಿ ಎಂದು ಹೆಬ್ಬೆರಳು ತೋರಿಸುತ್ತಾರೆ, ಅಲ್ಲಿಗೆ ಮುಗಿಯಿತು. ನಿಜವಾದ ಮನುಷ್ಯ ಮುಳುಗುತ್ತಿದ್ದರೆ ಯಾರೂ ಕೈ ಎತ್ತುವುದಿಲ್ಲ, ಸೀಟಿ ಊದಿ ಹಾರುವುದೇ. ಎತ್ತಿದ ಕೈ ಗೊಂಬೆಗೆ, ಸೀಟಿ ಮನುಷ್ಯರಿಗೆ. ಇದು ಹೊರಗಿನವರಿಗೆ ಗೊತ್ತಿಲ್ಲದ್ದರಿಂದಲೇ, ಜೊತೆ ಕೆಲಸದವರಿಗೆ ಸನ್ನೆ ಕೊಟ್ಟು ಹಾರಿದ್ದಾನೆ, ಎಂಥಾ ಸಮಯಪ್ರಜ್ಞೆ ಎಂದು ಆ ಕೈಗೂ ಹೊಗಳಿಕೆ ಸಿಕ್ಕಿತ್ತು.

"ನಿಮ್ಮನ್ನ ಕರೆದೆ. ನೀವು ಆ ಕಡೆ ಇದ್ರಲ್ಲ" ಎಂದ.

"ನನ್ನನ್ನ ಕರೆಯೋಕೆ ಸೀಟಿ ಇತ್ತಲ್ಲ ಅಣ್ಣ."

"ಆ ಗಡಿಬಿಡೀಲಿ ಎಲ್ಲಿ ಹೊಳೀಬೇಕು?"

ಟೀಚರು ಅವನ ಮುಖವನ್ನೇ ನೋಡಿದರು. ಹೌದು ಎಂದುಬಿಡು, ಹೌದು, ಗೊಂಬೆ ಅಂದುಕೊಂಡೆ, ನನಗೆ ಏನೋ ಆಗಿದೆ, ಇವತ್ತು ನನ್ನನ್ನು ಕುರ್ಚಿ ಹತ್ತಿಸಬೇಡಿ ಎಂದುಬಿಡು ಎಂದು ಒಳಗಿನಿಂದ ಯಾರೋ ತಿವಿದರು. ಗಂಟಲವರೆಗೂ ಬಂತು. ಅಷ್ಟರಲ್ಲಿ, ಕುರ್ಚಿ ಹತ್ತದ ಲೈಫ್‌ಗಾರ್ಡ್‌ಗೆ ಇಲ್ಲಿ ಏನು ಕೆಲಸ, ಟಿಕೆಟ್ ಹರಿಯಬೇಕೋ, ನೆಲ ಒರೆಸಬೇಕೋ, ಬಾಮೈದನಿಗೆ ಏನು ಹೇಳುವುದು, ಬರೆದವರೆಲ್ಲ ಬರೆದದ್ದನ್ನು ವಾಪಸು ತೆಗೆದುಕೊಂಡರೆ ಎಂದೆಲ್ಲ ಒಟ್ಟಿಗೇ ನುಗ್ಗಿ, ಬಂದ ಮಾತು ತಿರುಗಿ ಹೊಟ್ಟೆಗೆ ಹೋಯಿತು. "ಟೀ ಚೆನ್ನಾಗಿದೆ" ಎಂದ. ಟೀಚರು, "ಸಕ್ಕರೇನೇ ಹಾಕಿಲ್ಲ ಅದಕ್ಕೆ" ಎಂದು ಲೋಟ ಎತ್ತಿಕೊಂಡು ಹೋದರು.

ಮಕ್ಕಳ ತಂಡಕ್ಕೆ ಮೊದಲು ದೊಡ್ಡವರ ಹೊತ್ತು. ಆಗ ಒಬ್ಬರೋ ಇಬ್ಬರೋ ಇರುತ್ತಾರೆ, ನೀರು ಹೆಚ್ಚು ಅಲುಗುವುದಿಲ್ಲ. ಅವನು ಕಬ್ಬಿಣದ ಏಣಿ ಹತ್ತಿ ಕುರ್ಚಿಯಲ್ಲಿ ಕೂತ. ಮೇಲಿನ ಗಾಜಿನ ಮಾಡಿನಿಂದ ಬಿದ್ದ ಬೆಳಕು ತಳದ ನೀಲಿ ಹೆಂಚುಗಳ ಮೇಲೆ ಬಲೆಯ ಹಾಗೆ ತೂಗುತ್ತಿತ್ತು. ನೋಡು, ಎಂದು ತನಗೆ ತಾನೇ ಹೇಳಿಕೊಂಡ. ಎಡ ಮೂಲೆಯಿಂದ ಶುರು ಮಾಡು, ತಳದಲ್ಲೇ ಬಲಕ್ಕೆ ಹೋಗು, ಮೇಲ್ಮೈಯಲ್ಲಿ ವಾಪಸು ಬಾ. ಬೊಕ್ಕತಲೆಯ ಮುದುಕರೊಬ್ಬರು ಅಂಗಾತ ತೇಲುತ್ತಿದ್ದಾರೆ. ಸರಿ. ಹಸಿರು ಬಟ್ಟೆಯ ಹೆಂಗಸು ಕಂಬಿ ಹಿಡಿದುಕೊಂಡು ಕಾಲು ಬಡಿಯುತ್ತಿದ್ದಾಳೆ. ಸರಿ. ತಳ ಖಾಲಿ. ಸರಿ. ಮತ್ತೆ ಎಡ ಮೂಲೆ. ಮುದುಕರು. ಈ ಮುದುಕರನ್ನು ನೋಡಿದರೆ ಯಾರ ನೆನಪೋ ಬರುತ್ತದೆ, ಮೊನ್ನೆ ಯಾವುದೋ ವಿಡಿಯೋದಲ್ಲಿ ಬೊಕ್ಕತಲೆಯವನೊಬ್ಬ ಬೆಕ್ಕಿಗೆ ಸ್ನಾನ ಮಾಡಿಸಿ ಪರಚಿಸಿಕೊಂಡಿದ್ದ, ಅದರ ಕೆಳಗೆ ಯಾರೋ ಇದು ಬೆಕ್ಕಿನ ಹಿಂಸೆ ಎಂದು ಜಗಳ ತೆಗೆದಿದ್ದರು, ಆ ಜಗಳದಲ್ಲಿ ಒಬ್ಬ ಔಷಧಿ ಅಂಗಡಿಯವನು, ಅವನ ಹೆಂಡತಿ, ಹೆಂಡತಿ ಬೆಳಿಗ್ಗೆ ಏನು ಹೇಳಿದಳು, ಬಾಗಿಲಿಗೆ ಕೈಯಿಟ್ಟು... ಅವನು ಬೆಚ್ಚಿಬಿದ್ದ. ಮುದುಕರು ಇದ್ದ ಜಾಗದಲ್ಲಿ ಮುದುಕರಿಲ್ಲ! ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. ಮುದುಕರು ದಡದ ಮೇಲೆ ಟವೆಲಿನಲ್ಲಿ ಕಿವಿ ಒರೆಸಿಕೊಳ್ಳುತ್ತಿದ್ದರು. ಈಜಿ, ಕಂಬಿ ಹಿಡಿದು, ಮೆಟ್ಟಿಲು ಹತ್ತಿ, ನಡೆದುಕೊಂಡು ಹೋಗಿ, ಟವೆಲು ಎತ್ತಿಕೊಂಡಿದ್ದರು, ಇಷ್ಟೂ ಅವನ ಕಣ್ಣೆದುರೇ ನಡೆದಿತ್ತು, ಒಂದೂ ಕಂಡಿರಲಿಲ್ಲ. ತೊಡೆಯ ಮೇಲೆ ಏನೋ ಹುಳ ಹರಿದ ಹಾಗಾಯಿತು. ನೋಡಿದರೆ ಅವನದೇ ಬಲಗೈ ಹೆಬ್ಬೆರಳು, ಬರಿ ತೊಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ, ಕೆಳಗಿನಿಂದ ಮೇಲಕ್ಕೆ ಏನನ್ನೋ ದೂಡುತ್ತಿತ್ತು.

ಅವತ್ತೂ ಹೀಗೇ ದೂಡಿರಬೇಕು. ಹಳದಿ ಟೋಪಿ ನೀರಿನಲ್ಲಿ ಮುಳುಗಿ ಎದ್ದದ್ದು ಕಣ್ಣಿಗೆ ಬಿದ್ದಿತ್ತು, ಅದು ಈಗ ನೆನಪಿದೆ. ಕಂಡಿತ್ತು, ಹಳದಿ ಎಂದು ತಿಳಿದಿತ್ತು, ಆಮೇಲೆ ಅದು ಫೋನಿನ ಪರದೆಯಲ್ಲಿಯ ಹಾಗೆ ಮೇಲಕ್ಕೆ ಸರಿದು ಹೋಗಿ ಅದರ ಜಾಗದಲ್ಲಿ ಇನ್ನೊಂದು ಬಂದಿತ್ತು. ಎಷ್ಟೋ ಹೊತ್ತಿನ ಮೇಲೆ, ತಳದ ಹೆಂಚಿನ ಮೇಲೆ ಏನೋ ಬಿದ್ದಿದೆ ಎಂದು ಗೊತ್ತಾದಾಗ ಮೊದಲು ಆದದ್ದು, ಹೇಳಿದರೆ ನಾಲಿಗೆ ಬಿದ್ದುಹೋಗಬೇಕು, ಖುಷಿ. ಓಹೋ, ಗೊಂಬೆ ಹಾಕಿದ್ದಾರೆ, ನನ್ನ ಕಣ್ಣು ತಪ್ಪಿಸೋಕಾಗುತ್ತಾ ಎಂದು ಉಬ್ಬಿಹೋಗಿ ಕೈ ಎತ್ತಿದ, ಹಲ್ಲು ಬಿಟ್ಟುಕೊಂಡು ಆಫೀಸಿನ ಗಾಜಿನ ಕಡೆ ತಿರುಗಿದ. ಗಾಜಿನ ಹಿಂದೆ ಯಾರೂ ಇರಲಿಲ್ಲ. ಮ್ಯಾನೇಜರು ಇಲ್ಲದಿದ್ದರೆ ಗೊಂಬೆ ಹಾಕಿದವರು ಯಾರು ಎಂದು ಯೋಚಿಸುವುದಕ್ಕೆ ಅವನಿಗೆ ಹೊತ್ತು ಹಿಡಿಯಿತು. ಅವನು ಕೈ ಎತ್ತಿಕೊಂಡು, ನಗುತ್ತಾ, ಯೋಚಿಸುತ್ತಿದ್ದಾಗ ಹುಡುಗಿ ತಳದಲ್ಲಿದ್ದಳು. ಗೊಂಬೆ ಟೋಪಿ ಹಾಕಿಕೊಳ್ಳುವುದಿಲ್ಲ ಎಂದು ಹೊಳೆದದ್ದು ಆಮೇಲೆ. ಬದುಕಿದಳು, ಹೌದು. ಇನ್ನೊಂದು ಬೆಕ್ಕು, ಇನ್ನೊಬ್ಬ ಔಷಧಿ ಅಂಗಡಿಯವನು ನಡುವೆ ಬಂದಿದ್ದರೆ ಬದುಕುತ್ತಿರಲಿಲ್ಲ. ಇವತ್ತು ಬರುವುದಿಲ್ಲ ಎಂದು ಯಾರು ಹೇಳಿದರು? ಇನ್ನು ಸ್ವಲ್ಪ ಹೊತ್ತಿಗೆ ಈ ನೀರಿನ ತುಂಬ ಮಕ್ಕಳು. ಟೋಪಿಗಳು, ಕೆಂಪು, ನೀಲಿ, ಹಳದಿ, ಒಂದರ ಹಿಂದೆ ಒಂದು. ಕುರ್ಚಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಕೆಳಗಿನಿಂದ ಮ್ಯಾನೇಜರು ಚಪ್ಪಾಳೆ ತಟ್ಟಿ ಕರೆದರು. "ಇಳೀರಿ ಸ್ವಾಮಿ, ನಿಮ್ಮನ್ನ ನೋಡೋಕೆ ಯಾರು ಬಂದಿದ್ದಾರೆ ನೋಡಿ!" ದೊಡ್ಡವರೆಲ್ಲ ಹೊರಟುಹೋಗಿ ಕೊಳ ಖಾಲಿಯಾಗಿತ್ತು. ಹಳದಿ ಟೋಪಿಯ ಹುಡುಗಿ ತಾಯಿಯ ಕೈ ಹಿಡಿದುಕೊಂಡು ನಿಂತಿದ್ದಳು. ಮುಂದಿನ ಹಲ್ಲು ಬಿದ್ದಿತ್ತು, ಮೊಣಕಾಲಿಗೆ ಪಟ್ಟಿ ಅಂಟಿಸಿತ್ತು. ತಾಯಿಯ ಇನ್ನೊಂದು ಕೈಯಲ್ಲಿ ಫೋನು. "ಸಾರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ" ಎನ್ನುವಷ್ಟರಲ್ಲಿ ಆಕೆಯ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ನೀರೇ. "ಇವಳನ್ನ ಮತ್ತೆ ನೀರಿಗಿಳಿಸೋಕೆ ನಂಗೆ ಭಯ ಸಾರ್. ಇವಳೇ ಹಟ ಹಿಡಿದು ಕರ್ಕೊಂಡು ಬಂದಿದ್ದಾಳೆ. ಹೇಳು ಪುಟ್ಟಿ, ಮನೇಲಿ ಅಪ್ಪಂಗೆ ಏನು ಹೇಳ್ದೆ, ಅಂಕಲ್‌ಗೂ ಹೇಳು."

ಹುಡುಗಿ ನಾಚಿಕೊಂಡು ನೆಲ ನೋಡಿದಳು. ಆಮೇಲೆ ತಲೆಯೆತ್ತಿ ಅವನ ಕಣ್ಣುಗಳನ್ನೇ ನೋಡಿದಳು.

"ಅಂಕಲ್, ನಾನು ನೀರೊಳಗೆ ಹೋದಾಗ ನೀವು ಕಾಣಿಸ್ತಾ ಇದ್ರಿ. ಮೇಲೆ ಕುರ್ಚೀಲಿ. ನೀವು ನನ್ನನ್ನೇ ನೋಡ್ತಾ ಇದ್ರಿ. ತುಂಬಾ ಹೊತ್ತು ನೋಡ್ತಾ ಇದ್ರಿ. ಅದಕ್ಕೇ ನಂಗೆ ಹೆದರಿಕೆ ಆಗ್ಲಿಲ್ಲ. ಅಂಕಲ್ ನೋಡಿದ್ದಾರೆ, ಬಂದೇ ಬರ್ತಾರೆ ಅಂತ ಸುಮ್ನೆ ಇದ್ದೆ."

"ಅಯ್ಯೋ ಚಿನ್ನ!" ಎಂದಳು ತಾಯಿ. "ಇರು ಇರು, ಇದನ್ನ ಇನ್ನೊಂದ್ಸಲ ಹೇಳು, ಅಮ್ಮ ವಿಡಿಯೋ ಮಾಡ್ಕೋತೀನಿ. ಸಾರ್, ನೀವು ಸ್ವಲ್ಪ ಬಗ್ಗಿ, ಹಾಂ, ಇವಳ ಎತ್ತರಕ್ಕೆ." ಅವನು ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತ. ಹುಡುಗಿ ಎರಡನೆಯ ಸಲ ಹೇಳಿದಳು, ಫೋನಿನ ಕಡೆ ನೋಡುತ್ತಾ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ. ಅವನಿಗೆ ಕಿವಿಯೊಳಗೆ ನೀರು ಹೊಕ್ಕಂತೆ ಗುಂಯ್ ಎನ್ನುತ್ತಿತ್ತು. ಒಂದು ಜೀವ ತನ್ನನ್ನು ನಂಬಿಕೊಂಡು, ನೀರಿನ ತಳದಲ್ಲಿ, ಕೈಕಾಲು ಆಡಿಸದೆ ಕಾದಿತ್ತು. ಹೆದರಿದ್ದರೆ ಒದ್ದಾಡುತ್ತಿದ್ದಳು, ಒದ್ದಾಡಿದ್ದರೆ ಯಾರಾದರೂ ನೋಡುತ್ತಿದ್ದರು. ಅವನು ನೋಡುತ್ತಿದ್ದಾನೆ ಎಂದೇ ಸುಮ್ಮನಿದ್ದಳು. ಇವತ್ತು ಮತ್ತೆ ಹಾಗೇ ಸುಮ್ಮನಿರುತ್ತಾಳೆ. "ಈಗ ನೀವೇನಾದ್ರೂ ಹೇಳಿ ಸಾರ್" ಎಂದಳು ತಾಯಿ.

"ಪುಟ್ಟಿ" ಎಂದ. "ನಾನು ನೋಡ್ತಾ ಇದ್ದೆ. ಆದ್ರೆ ನೀನು ನಂಗೆ ಕಾಣಿಸ್ಲಿಲ್ಲ. ಕಣ್ಣು ನಿನ್ನ ಮೇಲೇ ಇತ್ತು, ನಾನು ಇರ್ಲಿಲ್ಲ. ನೀನು ಗೊಂಬೆ ಅಂದ್ಕೊಂಡೆ. ನಗ್ತಾ ಇದ್ದೆ. ನನ್ನ ನಂಬ್ಕೊಂಡು ಇನ್ಯಾವತ್ತೂ ಹಾಗೆ ಸುಮ್ನೆ ಇರ್ಬೇಡ. ಕಾಲು ಬಡಿ, ಕೈ ಬಡಿ, ಏನಾದ್ರೂ ಮಾಡು. ಇರ್ಬೇಡ ಹಾಗೆ."

ಹೇಳಿಬಿಟ್ಟಿದ್ದ. ಇನ್ನು ಏನು ಬೇಕಾದರೂ ಆಗಲಿ, ತಾಯಿ ಕಪಾಳಕ್ಕೆ ಹೊಡೆಯಲಿ, ಮ್ಯಾನೇಜರು ಕತ್ತು ಹಿಡಿದು ನೂಕಲಿ ಎಂದು ಕಾದ. ತಾಯಿಯ ಕಣ್ಣು ಫೋನಿನ ಮೇಲಿತ್ತು, ಇಬ್ಬರ ತಲೆಯೂ ಚೌಕಟ್ಟಿನೊಳಗೆ ಬರಲೆಂದು ಅದನ್ನು ಒಂದಿಷ್ಟು ಹಿಂದೆ, ಒಂದಿಷ್ಟು ಬಲಕ್ಕೆ ಸರಿಸುತ್ತಿದ್ದಳು. "ಸೂಪರ್ ಸಾರ್" ಎಂದಳು, "ಮನಸ್ಸು ಮುಟ್ಟೋ ಹಾಗೆ ಮಾತಾಡಿದ್ರಿ." ಹೆಬ್ಬೆರಳು ಅಲ್ಲಿ ಒತ್ತಿತು, ಇಲ್ಲಿ ಒತ್ತಿತು. "ಹಾಕ್ಬಿಟ್ಟೆ. ಆಗ್ಲೇ ನೋಡಿ, ಲೈಕ್ ಬರ್ತಾ ಇದೆ." ಅಷ್ಟು ಹೊತ್ತೂ ಆಕೆಯ ಹೆಗಲ ಮೇಲಿಂದ ಪರದೆಯನ್ನೇ ನೋಡುತ್ತಿದ್ದ ಮ್ಯಾನೇಜರು ತಮ್ಮ ಫೋನು ತೆಗೆದು, "ನಂಗೂ ಕಳಿಸಿ ಮೇಡಂ, ನಮ್ಮ ಪೇಜಿಗೂ ಹಾಕೋಣ" ಎಂದು ಆಫೀಸಿನ ಕಡೆ ನಡೆದರು. ಅವನು ಮೊಣಕಾಲೂರಿದಲ್ಲೇ ಇದ್ದ. ಹುಡುಗಿ ಮಾತ್ರ ಅವನಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದಳು.

ಅಷ್ಟರಲ್ಲಿ ಉಡುಪು ಬದಲಿಸುವ ಕೋಣೆಗಳ ಬಾಗಿಲು ತೆರೆದು ಮಕ್ಕಳು ಕೇಕೆ ಹಾಕುತ್ತಾ ಓಡಿಬಂದರು. ಟೀಚರು, "ಓಡ್ಬೇಡಿ! ನಡೀರಿ!" ಎಂದು ಕೂಗುತ್ತಾ ಒಬ್ಬೊಬ್ಬರನ್ನೇ ನೀರಿಗಿಳಿಸಿದರು, ತಾವೂ ಇಳಿದರು. ಇಳಿದವರು ಖಾಲಿ ಕುರ್ಚಿ ನೋಡಿ ಅವನ ಕಡೆ ತಿರುಗಿದರು. "ಅಣ್ಣ, ಕುರ್ಚಿ!" ಕೊಳ ಆಗಲೇ ಟೋಪಿಗಳಿಂದ ತುಂಬಿತ್ತು. ಈಗ ಹತ್ತದಿದ್ದರೆ ನೋಡುವವರೇ ಇಲ್ಲ, ಹತ್ತಿದರೂ ಇದ್ದಾರೆಯೇ? ಅವನು ಏಣಿಯ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟ. ಹಿಂದೆ ತಾಯಿ ಫೋನಿನಿಂದ ತಲೆಯೆತ್ತದೆ ಮಗಳ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಮುಂದೆ ದೂಡುತ್ತಿದ್ದಳು.

"ಹೋಗು ಪುಟ್ಟಿ, ಎಲ್ಲರೂ ಇಳಿದ್ರು ನೋಡು. ಅಂಕಲ್ ಮೇಲೆ ಕೂತು ನೋಡ್ಕೋತಾರೆ."

ಹುಡುಗಿ ಎರಡೂ ಕೈಯಲ್ಲಿ ದಡದ ಕಂಬಿಯನ್ನು ಹಿಡಿದುಕೊಂಡಿದ್ದಳು. "ಬೇಡಮ್ಮ."

"ಏನೇ ಇದು, ಈಗ ತಾನೇ ಹೆದರಿಕೆ ಆಗ್ಲಿಲ್ಲ ಅಂದೆ?"

"ಈಗ ಆಗ್ತಿದೆ" ಎಂದಳು ಹುಡುಗಿ.